ಹಿಂದಿನ ರೂಮಿನ ಕಲ್ನಾರು

ಹಲೋ... ಹಲೋ, ಯಾರು ಮಾತಾಡ್ತಿರೋದು... ಇದು ಬಡಗಿ ಕೆಲಸ ಮಾಡೋರ ಮನೆ ಅಲ್ವಾ...

ಹಾಂ, ಹಾಂ. ಮರದ ಡಿಪೋದಲ್ಲಿ ಕೊಟ್ರಮ್ಮ ಈ ನಂಬರು. ಅವರಿದ್ದಾರಾ, ಸ್ವಲ್ಪ ಮಾತಾಡ್ಬೇಕಿತ್ತು... ಇಲ್ಲ, ಹೊಸ ಕೆಲಸಕ್ಕಲ್ಲ. ಹಳೇ ಕೆಲಸದ್ದೇ ಒಂದು ವಿಷಯ ಕೇಳ್ಬೇಕಿತ್ತು, ಅಷ್ಟೇ...

ನಿಮಗೆ ನೆನಪಿರುತ್ತೋ ಇಲ್ವೋ. ಮೂವತ್ತೆರಡು ವರ್ಷ ಆಯ್ತು. ಗೋದಾಮಿನ ಸ್ಟೋರ್ ಕೀಪರ್ ಮನೆ, ಹಿಂದುಗಡೆ ಒಂದು ರೂಮು ಕಟ್ಟಿಸಿದ್ರು... ಹಾಂ, ಅದೇ, ಬಾವಿ ಇದ್ದ ಮನೆ. ನಾನು ಅವರ ಮಗಳು... ಹೌದು, ಒಬ್ಬಳೇ ಮಗಳು... ಎರಡು ಜಡೆಯವಳು, ಅವಳೇ. ಈಗ ಜಡೆ ಹಾಕೋಷ್ಟು ಕೂದಲೆಲ್ಲಿದೆ ಬಿಡಿ, ಇರೋದಕ್ಕೇ ಬಣ್ಣ ಹಚ್ಚಿ ಮರ್ಯಾದೆ ಉಳಿಸ್ಕೊಂಡಿದೀನಿ...

ನೀವು ಅವರ ಮನೆಯವರಾ... ಮಧ್ಯಾಹ್ನ ಊಟದ ಡಬ್ಬಿ ತರ್ತಿದ್ರಲ್ಲ, ಹಿತ್ತಲ ಮೆಟ್ಟಿಲ ಮೇಲೆ ಕೂತ್ಕೊಳ್ತಿದ್ರಿ. ಹೊಟ್ಟೇಲಿ ಮಗು ಇತ್ತು ಆಗ ನಿಮಗೆ... ಅಯ್ಯೋ, ಚೆನ್ನಾಗಿ ನೆನಪಿದೆ. ನಮ್ಮ ಬೀದಿ ಮಕ್ಕಳೆಲ್ಲ ಅವರನ್ನ ಅಳತೆ ಮಾಮ ಅಂತಾನೇ ಕರೀತಿದ್ದಿದ್ದು. ಬಾಗಿಲಿಗೆ ಯಾರು ಬಂದ್ರೂ ಒಂದ್ಸಲ ಅಡಿಯಿಂದ ಮುಡಿವರೆಗೂ ನೋಡಿ ಎತ್ತರ ಹೇಳ್ಬಿಡ್ತಿದ್ರು. ಚಪ್ಪಲಿ ಸೇರಿ ಇಷ್ಟು, ಬಿಟ್ಟು ಇಷ್ಟು ಅಂತ. ಪೋಸ್ಟ್‌ಮ್ಯಾನ್‌ಗೆ ನೀನು ಐದಡಿ ಮುಟ್ಟಿಲ್ಲಪ್ಪ ಅಂದ್ಬಿಟ್ಟು, ಆ ಮನುಷ್ಯ ಒಂದು ವಾರ ನಮ್ಮ ಕಾಗದಗಳನ್ನೆಲ್ಲ ಕಾಂಪೌಂಡಿಂದಾನೇ ಎಸೆದು ಹೋಗ್ತಿದ್ದ... ಹೌದಾ, ನಿಮಗೂ ಹೇಳಿದ್ರಾ... ಮದುವೆ ಮಾತಿಗೆ ಬಂದಾಗ್ಲೇನಾ. ಚೆನ್ನಾಗಿದೆ...

ಹಾಗಾದ್ರೆ ಅವರು ಮಾಮ ಅಂದ್ಮೇಲೆ ನೀವು ಅತ್ತೆ ಆಗ್ಬೇಕು ನನಗೆ. ಒಂದು ನಿಮಿಷ ಮಾಮನ್ನ ಕರೀತೀರಾ ಅತ್ತೆ...

...

ಏನಂದ್ರಿ...

ಯಾವಾಗ...

ಎರಡು ವರ್ಷ ಆಯ್ತಾ. ನಮಗೆ ಸುದ್ದೀನೇ ಬರ್ಲಿಲ್ಲ ಅತ್ತೆ. ಡಿಪೋದಲ್ಲಿ ನಂಬರು ಕೊಟ್ಟೋರೂ ಏನೂ ಹೇಳ್ಲಿಲ್ಲ, ಹೊಸಬರು ಅನ್ಸುತ್ತೆ. ನಾನು ಬೇರೆ ಪೋಸ್ಟ್‌ಮ್ಯಾನ್ ಕತೆ ಹೇಳ್ಕೊಂಡು ಕೂತಿದೀನಿ ನಿಮ್ಮ ಹತ್ರ. ತಪ್ಪು ತಿಳ್ಕೋಬೇಡಿ...

ಏನಾಗಿತ್ತು ಮಾಮನಿಗೆ...

ಕೆಮ್ಮು... ಹಾಂ...

ಉಸಿರು ಸಿಕ್ತಿರ್ಲಿಲ್ವಾ...

ಎಷ್ಟು ದಿನದಿಂದ... ಮೂರು ವರ್ಷ...

...

ಇಲ್ಲ, ಇದೀನಿ, ಕೇಳಿಸ್ಕೊಳ್ತಿದೀನಿ. ಹೇಳಿ ಅತ್ತೆ... ಕ್ಷಯ ಅಂತ ಮಾತ್ರೆ ಕೊಟ್ರಾ. ಆರು ತಿಂಗಳು. ತಗೊಂಡ್ರೂ ಕಡಿಮೆ ಆಗ್ಲಿಲ್ಲ... ಕೊನೆಕೊನೆಗೆ ಮಲಗೋಕೂ ಆಗ್ತಿರ್ಲಿಲ್ವಾ. ಕೂತ್ಕೊಂಡೇ, ಎದುರಿಗೆ ಸ್ಟೂಲು ಇಟ್ಕೊಂಡು ಅದರ ಮೇಲೆ ತಲೆ ಇಟ್ಕೊಂಡು... ಅಯ್ಯೋ ದೇವರೇ...

ಸಿಗರೇಟಾ... ಮಾಮ ಸೇದಿದ್ದು ನಾನಂತೂ ಒಂದ್ಸಲಾನೂ ನೋಡಿಲ್ಲ. ಯಾರು ಹೇಳಿದ್ದು... ಡಾಕ್ಟ್ರು ಕೇಳಿದ್ರಾ, ಎಷ್ಟು ವರ್ಷದಿಂದ ಸೇದ್ತೀಯ ಅಂತ. ಇಲ್ಲ ಅಂದ್ರೂ ನಂಬ್ಲಿಲ್ವಾ... ನೀವೂ...

ನೀವೇ ಜೇಬೆಲ್ಲ ಹುಡುಕ್ತಿದ್ರಾ...

ಅಳಬೇಡಿ ಅತ್ತೆ. ನಿಧಾನ. ಪಕ್ಕದಲ್ಲಿ ಯಾರಾದ್ರೂ ಇದ್ದಾರಾ... ಮಗ ಕೆಲಸಕ್ಕೆ ಹೋಗಿದ್ದಾನಾ. ಸರಿ. ನೀರು ಕುಡೀರಿ, ನಾನು ಕಾಯ್ತೀನಿ...

...

ಹಾಂ, ಹೇಳಿ. ಕುಡಿದ್ರಾ...

ನಾನು ಯಾಕೆ ಫೋನ್ ಮಾಡಿದ್ದು ಅಂದ್ರೆ... ಏನಿಲ್ಲ ಅತ್ತೆ, ಅಂಥದ್ದೇನಿಲ್ಲ. ಇನ್ನೊಂದಿನ ಮಾಡ್ತೀನಿ. ನೀವು ಸ್ವಲ್ಪ ಹೊತ್ತು ಮಲಗಿ...

ಇಲ್ಲ, ಇಲ್ಲ, ಮುಚ್ಚಿಡ್ತಿಲ್ಲ...

...

ಮುಚ್ಚಿಡ್ತಾ ಇದ್ದೆ. ನಿಜ. ನೀವು ಸಾವು ಅಂದಾಗಿನಿಂದ ಫೋನು ಎರಡು ಕೈಯಲ್ಲಿ ಹಿಡ್ಕೊಂಡಿದೀನಿ. ಹೇಳ್ತೀನಿ. ನೀವು ಕೂತಿದೀರಾ... ಕೂತ್ಕೊಳ್ಳಿ.

ಆ ಮನೆ ಮಾರ್ತಿದೀವಿ ಅತ್ತೆ. ಅಪ್ಪ ಹೋಗಿ ಐದು ವರ್ಷ ಆಯ್ತು. ಅಮ್ಮ ನನ್ನ ಜೊತೆ ಇದ್ದಾರೆ, ಇದ್ದಾರೆ ಅಂದ್ರೆ... ನಾನ್ಯಾರು ಅಂತ ನನ್ನನ್ನೇ ಕೇಳ್ತಾರೆ ಈಗ. ಒಬ್ಬ ಬ್ರೋಕರು ಗಿರಾಕಿ ತಂದ. ಗಂಡ ಹೆಂಡತಿ ಇಬ್ಬರೂ ಶಾಲೆ ಟೀಚರು, ಅಂಬೆಗಾಲಿಡೋ ಅವಳಿ ಮಕ್ಕಳು. ಹಿಂದಿನ ರೂಮು ಮಕ್ಕಳಿಗೆ ಬೇಕು, ಆ ಬೂದು ಸೀಲಿಂಗ್ ಕಿತ್ತು ಹೊಸದು ಹಾಕ್ಸಿ, ಬಣ್ಣ ಬಳಿಸಿ ಕೊಡಿ ಅಂದ್ರು. ಸರಿ ಅಂತ ಒಬ್ಬ ಪೇಂಟರನ್ನ ಕರೆಸಿದೆ. ಆತ ಏಣಿ ಹತ್ತಿ, ಸೀಲಿಂಗನ್ನ ಬೆರಳಲ್ಲಿ ತಟ್ಟಿ ನೋಡಿ, ಹಾಗೇ ಇಳಿದ್ಬಿಟ್ಟ. ಮೇಡಂ, ಇದಕ್ಕೆ ನಾನು ಉಳಿ ಹಾಕಲ್ಲ, ಮೊದಲು ಪರೀಕ್ಷೆ ಮಾಡ್ಸಿ ಅಂದ. ನನಗೆ ಸಿಟ್ಟು ಬಂತು, ಕೆಲಸ ತಪ್ಪಿಸ್ಕೊಳ್ಳೋಕೆ ನೆಪ ಅನ್ಕೊಂಡೆ. ಆದ್ರೂ ಒಂದು ಚೂರು ಲ್ಯಾಬಿಗೆ ಕಳಿಸಿದ್ವಿ. ನಿನ್ನೆ ರಿಪೋರ್ಟು ಬಂತು...

ಆಸ್ಬೆಸ್ಟಾಸ್ ಅತ್ತೆ. ಕಲ್ನಾರು ಅಂತಾರಲ್ಲ, ಅದು... ಶೀಟು ಸುಮ್ನೆ ಅದರ ಪಾಡಿಗೆ ಅದಿದ್ರೆ ಅಷ್ಟೊಂದು ತೊಂದ್ರೆ ಇಲ್ವಂತೆ. ಕೊಯ್ದ್ರೆ, ಒಡೆದ್ರೆ, ತೂತು ಹೊಡೆದ್ರೆ ಧೂಳು ಏಳುತ್ತಲ್ಲ, ಅದರಲ್ಲಿ ಕಲ್ಲಿನ ನಾರು. ಕಣ್ಣಿಗೂ ಕಾಣಲ್ಲ. ಉಸಿರಿನ ಜೊತೆ ಒಳಗೆ ಹೋದ್ರೆ ಹೋಯ್ತು, ಆಚೆ ಬರಲ್ಲ. ಅಲ್ಲೇ ಕೂತಿದ್ದು, ಇಪ್ಪತ್ತು, ಮೂವತ್ತು ವರ್ಷ ಆದ್ಮೇಲೆ...

ಹಾಂ...

ಹಾಂ ಅತ್ತೆ. ಕೆಮ್ಮು. ಉಸಿರು.

...

ನಾನು ಡಾಕ್ಟರಲ್ಲ. ಅದರಿಂದಾನೇ ಹೋದ್ರು ಅಂತ ಹೇಳೋ ಅಧಿಕಾರ ನನಗಿಲ್ಲ. ಆದ್ರೆ ನೀವು ಹೇಳ್ತಾ ಹೋದ್ರಿ, ರಿಪೋರ್ಟಿನ ಜೊತೆ ಕೊಟ್ಟ ಹಾಳೆ ನನ್ನ ಮುಂದೇನೇ ಇದೆ, ಅದರಲ್ಲಿ ಬರೆದಿರೋದು, ನೀವು ಹೇಳಿದ್ದು, ಎರಡೂ ಒಂದೇ...

ಇಲ್ಲ, ನಮ್ಮನೆ ಒಂದೇ ಅಲ್ಲ, ಗೊತ್ತು. ನಮ್ಮ ರೂಮು ನೋಡಿ ಆ ಬೀದಿಯವರೆಲ್ಲ ಅದೇ ಶೀಟು ಕೇಳಿದ್ರು... ಎಂಟು ಮನೇನಾ. ಎಂಟೂ ಮನೆಗೆ ನಮ್ಮಪ್ಪಾನೇ ಹೇಳಿ ಕೆಲಸ ಕೊಡಿಸಿದ್ದು. ನಿಮ್ಮಿಂದ ನನ್ನ ಕೈಗೆ ಕೆಲಸ ಸಿಕ್ತು ಸ್ವಾಮಿ ಅಂತ ಹೇಳೋಕೆ ಮಾಮ ಬಂದಿದ್ರು. ನನಗೆ ಪುಸ್ತಕ ಇಟ್ಕೊಳ್ಳೋಕೆ ಒಂದು ಪುಟ್ಟ ಗೂಡು ಮಾಡಿ ತಂದಿದ್ರು, ಒಂದು ಮೊಳೆ ಹೊಡೆಯದೆ. ಆದ್ರೆ ಶುರು ಆಗಿದ್ದು ನಮ್ಮನೆಯಿಂದ ಅತ್ತೆ. ನನ್ನ ರೂಮಿಂದ. ಮಗಳು ಓದ್ಕೊಳ್ಳೋಕೆ ಒಂದು ರೂಮು ಬೇಕು ಅಂತ ಅಪ್ಪ ಕಟ್ಟಿಸಿದ್ದು ಅದು...

ಹೌದು, ಮರ ಹಾಕೋಣ ಅಂತಾನೇ ಹೇಳಿದ್ರು ಮಾಮ. ನೀವೂ ಕೇಳಿದೀರಾ... ನಾನೂ ಅಲ್ಲೇ ಇದ್ದೆ. ಈ ಶೀಟು ಕೊಯ್ದ್ರೆ ಗಂಟಲು ಕಟ್ಟುತ್ತೆ ಸ್ವಾಮಿ, ಮರಾನೇ ಇರ್ಲಿ ಅಂದ್ರು. ಮರಕ್ಕೆ ಹುಳ ಹಿಡಿಯುತ್ತೆ, ಇದು ಬೆಂಕಿಗೂ ಜಗ್ಗಲ್ಲ, ಗೋದಾಮಲ್ಲಿ ರಾಶಿ ಬಿದ್ದಿದೆ ಅಂದ್ರು ಅಪ್ಪ...

...

ಇನ್ನೊಂದಿದೆ ಅತ್ತೆ. ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೂ ಹೇಳಿಲ್ಲ.

ನನಗಾಗ ಹದಿಮೂರು. ಮಾಮ ಆ ರೂಮೊಳಗೇ ಕೂತು ಗರಗಸದಲ್ಲಿ ಕೊಯ್ತಿದ್ರು. ಅಂಗಳದಲ್ಲೇ ಕೊಯ್ತಿದ್ರು ಮೊದಲು. ಪಕ್ಕದ ಮನೆಯವರು ನಮ್ಮ ಒಗೆದ ಬಟ್ಟೆ ಮೇಲೆಲ್ಲ ಧೂಳು ಬೀಳುತ್ತೆ ಅಂತ ಜಗಳಕ್ಕೆ ಬಂದ್ರು. ಅದಕ್ಕೇ ಅಮ್ಮ ಒಳಗೆ ಕೂರಿಸಿದ್ರು. ಕಿಟಕಿಗೆ ಗೋಣಿಚೀಲ ಕಟ್ಟಿಸಿದ್ರು. ಇತ್ತ ಮನೆಯೊಳಗೆ ಧೂಳು ಬರ್ಬಾರ್ದು ಅಂತ, ಬಾಗಿಲು ಹಾಕೇ ಅಂದ್ರು ನನಗೆ. ದಿನಾ ಬಾಗಿಲು ಹಾಕ್ತಿದ್ದಿದ್ದು ನಾನು. ಕೆಳಗೆ ಸಂದೀಲಿ ಒದ್ದೆ ಬಟ್ಟೆ ಬೇರೆ ತುರುಕ್ತಿದ್ದೆ. ಅಮ್ಮ ಹೇಳಿರ್ಲಿಲ್ಲ ಅದನ್ನ. ನಾನೇ. ಜಾಣೆ ನಾನು...

ಹನ್ನೊಂದು ದಿನ...

ಒಂದಿನ ಒಳಗಿಂದ ಬಾಗಿಲು ತಟ್ಟಿದ್ರು. ತೆಗೆದೆ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೂದು. ನಗು ಬಂತು ನನಗೆ, ಅಜ್ಜ ಆಗ್ಬಿಟ್ರಿ ಮಾಮ ಅಂದೆ. ಅವರೂ ನಕ್ರು. ನೀರು ಕೊಟ್ಟೆ, ಗಟಗಟ ಕುಡಿದ್ರು. ಪುಟ್ಟೀ, ಒಂದು ಗಳಿಗೆ ಬಾಗಿಲು ತೆಗೆದಿಡ್ತೀಯಾ, ಗಾಳಿ ಆಡ್ಲಿ ಅಂದ್ರು.

ಅಮ್ಮ ಬೈತಾರೆ ಮಾಮ ಅಂದೆ.

ಬಾಗಿಲು ಹಾಕ್ದೆ ಅತ್ತೆ. ಅವರ ಮುಖ ಕಾಣ್ತಿದ್ದ ಹಾಗೇ ಹಾಕ್ದೆ...

...

ಹಲೋ... ಅತ್ತೆ...

ಇದೀರಾ...

ಮಗು ಆಗಿದ್ದೆ ಅನ್ನಬೇಡಿ. ಅದನ್ನ ನನಗೆ ನಾನೇ ಬೇಕಾದಷ್ಟು ಸಲ ಹೇಳ್ಕೊಂಡಾಯ್ತು...

ಹಾಂ, ಕೇಳಿ...

ನಮ್ಮಪ್ಪನಿಗೆ ಗೊತ್ತಿತ್ತಾ ಅಂತ.

...

ಗೊತ್ತಿರ್ಲಿಲ್ಲ ಅಂತ ಹೇಳೋಕೆ ನನಗೆ ಎಷ್ಟು ಆಸೆ ಇದೆ ಗೊತ್ತಾ. ನಿನ್ನೆ ಸಂಜೆವರೆಗೂ ಹಾಗೇ ಅನ್ಕೊಂಡಿದ್ದೆ. ಆ ಕಾಲದಲ್ಲಿ ಯಾರಿಗೆ ಗೊತ್ತಿತ್ತು ಅಂತ. ಆಮೇಲೆ ಆ ಪೇಂಟರು ಅಟ್ಟದ ಹತ್ರ ಟಾರ್ಚು ಬಿಟ್ಟು ತೋರಿಸ್ದ. ಒಂದು ಶೀಟು ಹಾಗೇ ಉಳಿದಿತ್ತು, ಮೇಲಿನ ಚೀಟಿ ಕೂಡ ಹರಿದಿಲ್ಲ. ಇಂಗ್ಲಿಷಲ್ಲಿ ಅಚ್ಚು ಹಾಕಿದ್ರು ಅದರಲ್ಲಿ. ಬಯಲಲ್ಲಿ ಕೊಯ್ಯಿರಿ, ನೀರು ಹಾಕಿ ಕೊಯ್ಯಿರಿ, ಧೂಳು ಉಸಿರಾಡಬೇಡಿ...

ಅಪ್ಪ ಗೋದಾಮಿನ ಸ್ಟೋರ್ ಕೀಪರು ಅತ್ತೆ. ಔಷಧಿ ಬಾಟಲಿ ಮೇಲಿನ ಸಣ್ಣ ಅಕ್ಷರಾನೂ ಬಿಡದೆ ಓದೋ ಮನುಷ್ಯ. ಓದಿಲ್ಲ ಅಂತ ನಾನು ಹೇಗೆ ಹೇಳ್ಲಿ. ಓದಿ, ಅಷ್ಟೇನಿರಲ್ಲ ಅಂತ ಬಿಟ್ರೋ, ಏನೋ. ಕೇಳೋಣ ಅಂದ್ರೆ ಅವರಿಲ್ಲ. ಅಮ್ಮನ್ನ ಕೇಳಿದೆ ನಿನ್ನೆ. ಬಡಗಿಗೆ ಕಾಫಿ ಕೊಟ್ಯಾ ಅಂದ್ರು...

ಬೈರಿ ಅತ್ತೆ. ಬೈಬೇಕು ಅನ್ಸಿದ್ರೆ ಬೈರಿ, ನಾನು ಫೋನ್ ಇಡಲ್ಲ...

...

ಹಾಂ...

ಹೌದು. ಹಾಗಿದ್ರೆ ಮಾಮ ಸುಳ್ಳು ಹೇಳಿರ್ಲಿಲ್ಲ. ಸಿಗರೇಟು ಸೇದ್ತಿರ್ಲಿಲ್ಲ ಅಂದಿದ್ದು ಸತ್ಯಾನೇ ಇರ್ಬೇಕು...

ಆಣೆ ಇಟ್ರಾ. ನಿಮ್ಮ ತಲೆ ಮೇಲೆ ಕೈ ಇಟ್ಟು... ನೀವು ಕೈ ತಳ್ಳಿಬಿಟ್ರಾ...

ಅತ್ತೆ... ಅತ್ತೆ, ಇಲ್ಲಿ ಕೇಳಿ. ನಿಮಗೆ ಹೇಗೆ ಗೊತ್ತಾಗ್ಬೇಕು. ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ. ಏನು ಕೆಲಸ ಮಾಡ್ತಿದ್ದೆ, ಏನು ಕೊಯ್ತಿದ್ದೆ ಅಂತ ಒಂದು ಮಾತು ಅವರೂ ಕೇಳ್ಲಿಲ್ವಲ್ಲ. ಜೀವ ಉಳೀಲಿ ಅಂತ ತಾನೇ ನೀವು ಜಗಳ ಆಡಿದ್ದು...

...

ಅಳಿ. ಅತ್ತುಬಿಡಿ. ನಾನಿದೀನಿ...

...

ಹಾಂ... ಇಲ್ಲ, ಫೋನ್ ಇಟ್ಟಿಲ್ಲ...

ಕ್ಷಮಿಸಿ ಅಂತ ಕೇಳೋಕೆ ಮಾಡಿದ್ದಲ್ಲ ಅತ್ತೆ, ಮಾಮ ಇಲ್ಲ ಅಂತಾನೇ ಗೊತ್ತಿರ್ಲಿಲ್ಲ ನನಗೆ. ಆದ್ರೂ... ಸರಿ. ಸರಿ, ಅರ್ಥ ಆಯ್ತು. ಫೋನಲ್ಲಿ ಕೊಡೋ ಮಾತಲ್ಲ ಅದು. ಇನ್ನು ಕೇಳಲ್ಲ...

ಏನು ಕೇಳ್ಬೇಕು ಅಂತಿದ್ನಾ... ಅದಾ. ಈ ಶೀಟು ತೆಗೆಯೋದಕ್ಕೇ ಬೇರೆ ಜನ ಇದ್ದಾರಂತೆ. ಮೈಯೆಲ್ಲ ಮುಚ್ಚೋ ಬಟ್ಟೆ, ಮೂಗಿಗೆ ಕಟ್ಟೋದು ಬೇರೆ ಥರದ್ದು, ನೀರು ಹಾಕಿ ನೆನೆಸಿ, ಒಡೆಯದೆ ಇಳಿಸಿ, ದಪ್ಪ ಪ್ಲಾಸ್ಟಿಕ್ಕಲ್ಲಿ ಸುತ್ತಿ ತಗೊಂಡು ಹೋಗ್ತಾರೆ. ಎಲ್ಲೆಲ್ಲಿ ಹಾಕಿದೆ ಹೇಳಿ, ಗೊತ್ತಿಲ್ದೆ ಗೋಡೆ ಕೆದಕೋಕೆ ಆಗಲ್ಲ ಅಂದ್ರು. ಸೀಲಿಂಗ್ ಕಾಣುತ್ತೆ. ಗಾರೆ ಹಿಂದೆ, ಬಚ್ಚಲಲ್ಲಿ ಎಲ್ಲಾದ್ರೂ ಇದ್ಯಾ ಅಂತ ಮಾಮನ್ನ ಕೇಳೋಣ ಅಂತ...

ನಿಮಗೆ ಗೊತ್ತಾ... ಹೇಗೆ...

ನೀವು ಗುಡಿಸ್ತಿದ್ರಾ... ಪ್ರತಿ ಸಂಜೆ. ಅಮ್ಮ ಹೇಳಿದ್ರಾ, ಗುಡಿಸಿಕೊಟ್ಟು ಹೋಗು ಅಂತ... ಬಸುರಿ ನೀವು...

ಇಲ್ಲ, ಇಲ್ಲ, ಹೇಳಿ. ಬರ್ಕೊಳ್ತೀನಿ. ಬಚ್ಚಲ ಒಲೆ ಹಿಂದೆ ಒಂದು, ಹಾಂ. ನೀರಿನ ಪೈಪು ಮುಚ್ಚಿದ್ದು... ಎರಡೂ ಕಡೆ. ಅಟ್ಟದ ಬಾಗಿಲು. ಕಿಟಕಿ ಕೆಳಗೆ ಕಾಣ್ಬಾರ್ದು ಅಂತ ಮರ ಹೊಡೆದು ಮುಚ್ಚಿದ್ದಾರಾ... ಇದು ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅತ್ತೆ. ಮುಂದೆ ಅಲ್ಲಿ ಯಾರಾದ್ರೂ ಮೊಳೆ ಹೊಡೀತಿದ್ರು...

ಕೊಳ್ಳೋರಿಗೆ ಹೇಳಿದೀನಿ. ನಿನ್ನೇನೇ. ಬ್ರೋಕರು ತಲೆ ತಲೆ ಚಚ್ಕೊಂಡ, ಮೇಲೆ ಎರಡು ಕೋಟ್ ಬಣ್ಣ ಬಳಿದು ಕೈ ತೊಳ್ಕೊಳ್ಳೋದು ಬಿಟ್ಟು ಇದೆಲ್ಲ ಯಾಕೆ ಮೈಮೇಲೆ ಎಳ್ಕೊಳ್ತೀರಿ ಅಂತ. ಆ ಟೀಚರಮ್ಮ ನೋಡ್ತೀವಿ ಅಂದ್ರು, ಆಮೇಲೆ ಫೋನ್ ಎತ್ತಿಲ್ಲ. ಎತ್ತದಿದ್ರೆ ಎತ್ತದೇ ಇರ್ಲಿ. ಅವರ ಜಾಗದಲ್ಲಿ ನಾನಿದ್ರೂ ಎತ್ತುತ್ತಿರ್ಲಿಲ್ಲ...

ಏನು... ನಿಮ್ಮನೇಲಾ...

ಉಳಿದ ಶೀಟು ಅಪ್ಪಾನೇ ಕೊಟ್ಟು ಕಳಿಸಿದ್ರಾ. ಎಲ್ಲಿ ಹಾಕಿದೀರಿ... ಅಡಿಗೆಮನೆ ಮೇಲೆ. ಒಡೆದಿದ್ಯಾ... ಮೂಲೇಲಿ ಪುಡಿ ಉದುರುತ್ತಾ. ನೀವು ಅದನ್ನ ಗುಡಿಸ್ತೀರಾ, ದಿನಾ, ಒಣ ಪೊರಕೇಲಿ...

ಅತ್ತೆ, ಗುಡಿಸಬೇಡಿ. ಇವತ್ತಿಂದಾನೇ. ಒದ್ದೆ ಬಟ್ಟೇಲಿ ಮೆಲ್ಲಗೆ ಒರೆಸಿ, ಆ ಬಟ್ಟೆ ಮತ್ತೆ ಒಗೀಬೇಡಿ, ಚೀಲದಲ್ಲಿ ಕಟ್ಟಿಡಿ. ಮಗ ಅದನ್ನ ಮುಟ್ಟೋದು ಬೇಡ... ಮುಂದಿನ ವಾರ ಕಿತ್ತು ತಗಡು ಹಾಕ್ತೀನಿ ಅಂದಿದ್ದಾನಾ. ಬೇಡ, ಬೇಡ. ನಮ್ಮನೆಗೆ ಬರೋ ಜನಾನೇ ನಿಮ್ಮನೆಗೂ ಬರ್ತಾರೆ. ನಾನು ಕರ್ಕೊಂಡು ಬರ್ತೀನಿ. ಇದರಲ್ಲಿ ಬೇಡ ಅನ್ನೋ ಹಾಗಿಲ್ಲ ನೀವು. ಅಪ್ಪ ಕೊಟ್ಟು ಕಳಿಸಿದ್ದು, ನಾನು ವಾಪಸ್ ತಗೊಂಡು ಹೋಗ್ತೀನಿ, ಅಷ್ಟೇ...

ಅವನೂ ಬಡಗಿ ಕೆಲಸಾನೇನಾ... ಅಪ್ಪನ ಕೈಲೇ ಕಲಿತಿದ್ದಾ. ಹಳೇ ಮನೆ ಕೆಲಸಕ್ಕೆ ಹೋದಾಗ ಬೂದು ಶೀಟು ಕಂಡ್ರೆ ಕೈ ಹಾಕ್ಬೇಡ ಅಂತ ಹೇಳಿ. ನೀವು ಹೇಳ್ತೀರಾ, ನಾನು ಹೇಳ್ಲಾ... ಅಪ್ಪನ ವಿಷಯ ನೀವೇ ಹೇಳ್ತೀರಾ. ಸರಿ. ಅದು ನಿಮ್ಮ ಬಾಯಿಂದಾನೇ ಬರ್ಬೇಕು...

ನಿಮಗೆ ಹೇಗಿದೆ ಅತ್ತೆ... ನಿಜ ಹೇಳಿ. ಉಸಿರು... ಮೆಟ್ಟಿಲು ಹತ್ತುವಾಗ ಮಾತ್ರಾನಾ. ಎಷ್ಟು ದಿನದಿಂದ... ವಯಸ್ಸು ಅನ್ಕೊಂಡಿದ್ರಾ...

ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಎದೆ ಎಕ್ಸ್‌ರೇ, ಉಸಿರಿನ ಪರೀಕ್ಷೆ. ಮುಖ್ಯ ಏನಂದ್ರೆ ಡಾಕ್ಟ್ರಿಗೆ ಇದನ್ನೆಲ್ಲ ಹೇಳ್ಬೇಕು, ಆ ಧೂಳು ಗುಡಿಸಿದ್ದೆ, ಗಂಡನ ಧೂಳು ಹಿಡಿದ ಬಟ್ಟೆ ಒಗೆದಿದ್ದೆ ಅಂತ. ಅವರಾಗಿ ಕೇಳಲ್ಲ...

ನಾನಾ...

ಹೌದು, ಮದುವೆ ಆಗೋವರೆಗೂ ಆ ರೂಮಲ್ಲೇ ಮಲಗಿದ್ದು. ಹನ್ನೊಂದು ವರ್ಷ... ಗೋಡೆಗೆ ಮೊಳೆ ಹೊಡೆದಿದೀನಿ, ಕ್ಯಾಲೆಂಡರ್ ಹಾಕೋಕೆ, ಕನ್ನಡಿ ಹಾಕೋಕೆ... ಇಲ್ಲ, ತೋರಿಸ್ಕೊಂಡಿಲ್ಲ. ಕೆಮ್ಮೇನಿಲ್ಲ... ಇಲ್ಲ ಅತ್ತೆ, ಟೈಮ್ ಇಲ್ಲ ಅಂತಲ್ಲ. ಭಯ. ನಿಮ್ಮ ಹತ್ರ ಏನು ನಾಚಿಕೆ...

ಒಟ್ಟಿಗೆ...

ನಾವಿಬ್ರೂ...

ಆಗಬಹುದು. ಬರ್ತೀನಿ. ಅಲ್ಲಿನ ಬೋರ್ಡು ಓದೋಕೆ ನಿಮಗೆ ಜೊತೆಗೊಬ್ರು ಬೇಕು, ಅಷ್ಟೇ ತಾನೆ. ಗೊತ್ತಾಯ್ತು, ಅದಕ್ಕಷ್ಟೇ ಕರೀತಿರೋದು ಅಂತ. ಬೇರೆ ಏನೂ ಅನ್ಕೊಳ್ಳಲ್ಲ...

ಗುರುವಾರಾನಾ... ಗುರುವಾರ ರಜೆ ಹಾಕ್ತೀನಿ. ಬೆಳಗ್ಗೆ ಎಂಟಕ್ಕಾ. ಏಳೂವರೆಗಾ. ಸರಿ, ಏಳೂವರೆ. ಎಲ್ಲಿ ನಿಂತಿರ್ಲಿ ಅತ್ತೆ, ಗೇಟಿನ ಹತ್ರಾನಾ, ಒಳಗೆ ಚೀಟಿ ಮಾಡ್ಸೋ ಕಡೇನಾ...

ಹಲೋ... ಸರಿಯಾಗಿ ಕೇಳಿಸ್ತಿಲ್ಲ... ಯಾವ ಬಣ್ಣದ ಸೀರೆ ಉಟ್ಕೊಂಡು ಬರ್ತೀರಾ ಹೇಳಿ, ಮುಖ ನೋಡಿ ಮೂವತ್ತೆರಡು ವರ್ಷ ಆಯ್ತಲ್ಲ, ನಿಮ್ಮನ್ನ ಹೇಗೆ ಗುರ್ತು...

ಹಲೋ... ಅತ್ತೆ...

ಹಲೋ...